ನೀರು ಕೇಳಿದವನ ಮೇಲೆ ಅನುಮಾನ

1937ರ ನವೆಂಬರ್. ಪಶ್ಚಿಮ ಜಪಾನಿನ ಓಕಾಯಾಮಾ ಸೀಮೆಯ ಒಂದು ಹಳ್ಳಿ. ಗ್ರಾಮ ಕಚೇರಿಯ ಎದುರಿಗಿರುವ ಊಟದಂಗಡಿಗೆ ಪರಸ್ಥಳದವನೊಬ್ಬ ಬರುತ್ತಾನೆ. ಮೈಮೇಲಿನ ಬಟ್ಟೆ ಹರಿದಿದೆ, ಮುಖದಲ್ಲಿ ಹಳೆಯ ಗಾಯದ ಕಲೆ, ಬಲಗೈಯಲ್ಲಿ ಮೂರೇ ಬೆರಳು. ಒಂದು ಲೋಟ ನೀರು ಕೇಳಿ ಕುಡಿಯುತ್ತಾನೆ. ಇಚಿಯಾನಾಗಿಯವರ ಮನೆ ಯಾವ ಕಡೆ ಎಂದು ವಿಚಾರಿಸಿ ಹೊರಡುತ್ತಾನೆ. ಕೆಲವೇ ದಿನಗಳಲ್ಲಿ ಆ ಇಚಿಯಾನಾಗಿ ಮನೆತನದ ಹಿರಿಮಗನ ಮದುವೆ. ಮದುವೆಯ ರಾತ್ರಿ, ಹೊರಗೆ ಹಿಮ ಬಿದ್ದಿರುವಾಗ, ಒಳಗಿನಿಂದ ಭದ್ರಪಡಿಸಿದ ಮನೆಯಲ್ಲಿ ಮದುಮಗ ಮದುಮಗಳಿಬ್ಬರೂ ಕತ್ತಿಯೇಟು ತಿಂದು ಸತ್ತಿದ್ದಾರೆ. ಅಲ್ಲಿ ಸಿಕ್ಕಿದ ಗುರುತು ಮೂರು ಬೆರಳಿನದು. ನೀರು ಕುಡಿದ ಲೋಟದ ಮೇಲೆ ಇದ್ದದ್ದೂ ಅದೇ. ಊರಿಗೆ ಇನ್ನೇನು ಬೇಕು? ಕೊಲೆಗಾರ ಸಿಕ್ಕಿದ. ಇನ್ನು ಅವನನ್ನು ಹುಡುಕಿ ತರುವುದಷ್ಟೇ ಬಾಕಿ.

ಸೇಯಿಶಿ ಯೊಕೊಮಿಝೊ 1946ರಲ್ಲಿ ‘ಹೋಸೆಕಿ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ‘ಹೊಂಜಿನ್ ಕೊಲೆ ಪ್ರಕರಣ’ ಶುರುವಾಗುವುದು ಹೀಗೆ. ಮುಂದೆ ನಾನು ಗುಟ್ಟುಗಳನ್ನು ಬಿಟ್ಟುಕೊಡಬೇಕಾಗುತ್ತದೆ. ಪತ್ತೇದಾರಿ ಕಾದಂಬರಿಯ ಕೊನೆಯನ್ನು ಮುಚ್ಚಿಟ್ಟು ಅದರ ಬಗ್ಗೆ ವಿಮರ್ಶೆ ಬರೆಯುವುದೆಂದರೆ ಉಪ್ಪು ನೋಡದೆ ಅಡುಗೆಗೆ ಅಂಕ ಕೊಟ್ಟಂತೆ. ಓದಿಲ್ಲದವರು ಮನ್ನಿಸಬೇಕು.

ಮೂರು ಬೆರಳಿನವನು ಯಾರನ್ನೂ ಕೊಂದಿರಲಿಲ್ಲ. ಆ ಮನೆಯವರ ಮೇಲೆ ಅವನಿಗೆ ಹಗೆಯೂ ಇರಲಿಲ್ಲ. ದಾರಿಹೋಕ, ಮನೆಯ ಹತ್ತಿರ ತನ್ನಷ್ಟಕ್ಕೆ ತಾನೇ ಸತ್ತವನು. ಅವನ ಹೆಣ ಸಿಕ್ಕಾಗ ಮದುಮಗ ಕೆಂಝೋ ಅದನ್ನು ಉಪಯೋಗಿಸಿಕೊಂಡ. ಹೆಂಡತಿಯನ್ನು ಕೊಂದವನೂ, ತನ್ನನ್ನು ತಾನೇ ಕೊಂದುಕೊಂಡವನೂ ಕೆಂಝೋನೇ. ಇಚಿಯಾನಾಗಿಯವರು ‘ಹೊಂಜಿನ್’ ವಂಶದವರು. ಹಿಂದೆ ದೊರೆಗಳು ಪ್ರಯಾಣ ಮಾಡುವಾಗ ತಂಗುತ್ತಿದ್ದ ಛತ್ರದ ಒಡೆಯರು. ಹುಡುಗಿ ಕತ್ಸುಕೊ ಗೇಣಿದಾರರ ಮನೆತನದವಳು, ಓದಿದವಳು, ಶಾಲೆಯ ಮೇಡಂ. ಮನೆಯವರೆಲ್ಲ ಬೇಡವೆಂದರೂ ಹಟ ಹಿಡಿದು ಆರಿಸಿಕೊಂಡ ಹುಡುಗಿ, ಮದುವೆಗೆ ಮುಂಚೆ ತನ್ನ ಹಳೆಯ ಸಂಬಂಧವೊಂದನ್ನು ಮುಚ್ಚಿಡದೆ ಹೇಳಿಬಿಡುತ್ತಾಳೆ. ಆ ಕ್ಷಣದಿಂದ ಅವನಿಗೆ ಅವಳು ಮೈಲಿಗೆ. ಮದುವೆ ಮುರಿದರೆ, ‘ನಾವು ಮೊದಲೇ ಹೇಳಿರಲಿಲ್ಲವೇ’ ಎಂದ ನೆಂಟರ ಮುಂದೆ ಸೋತಂತೆ. ಆತ್ಮಹತ್ಯೆ ಮಾಡಿಕೊಂಡರೂ ಸೋತಂತೆಯೇ. ಹಾಗಾಗಿ ಕೊಂದು, ಸತ್ತು, ಎರಡನ್ನೂ ಹೊರಗಿನವನೊಬ್ಬನ ತಲೆಗೆ ಕಟ್ಟುವ ಉಪಾಯ.

ಕತ್ತಿ ಹಿಮದಲ್ಲಿ ನೆಟ್ಟುಕೊಂಡದ್ದು ಹೇಗೆ, ಕೋತೊ ವಾದ್ಯದ ತಂತಿಗೂ ನೀರಿನ ಚಕ್ರಕ್ಕೂ ಏನು ನಂಟು ಎಂಬುದನ್ನು ಪತ್ತೇದಾರಿ ರಸಿಕರು ಬಾಯಿ ಚಪ್ಪರಿಸಿ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಯಂತ್ರವಲ್ಲ. ಕೆಂಝೋ ಹೆಣೆದ ಉಪಾಯದಲ್ಲಿ ಅತ್ಯಂತ ಗಟ್ಟಿಯಾದ ಭಾಗ ತಂತಿಯೂ ಅಲ್ಲ, ಚಕ್ರವೂ ಅಲ್ಲ. ವಿಕಾರ ಮುಖದ ಪರದೇಶಿಯೊಬ್ಬನನ್ನು ಊರು ಎರಡನೆಯ ಮಾತಿಲ್ಲದೆ ಕೊಲೆಗಾರನೆಂದು ನಂಬುತ್ತದೆ ಎಂಬ ಲೆಕ್ಕ. ಪೂರ್ವಗ್ರಹವೇ ಇಲ್ಲಿ ಕೊಲೆಯ ಸಲಕರಣೆ. ಇದನ್ನು ಬಿಡಿಸುವ ಕಿಂದಾಯಿಚಿ ಕೋಸುಕೆ, ತಲೆ ಕೆರೆದುಕೊಳ್ಳುವ, ಮಾತು ತೊದಲುವ, ಸುಕ್ಕುಗಟ್ಟಿದ ಬಟ್ಟೆಯ ಹುಡುಗ; ಅಮೆರಿಕದಲ್ಲಿ ಮಾದಕ ವಸ್ತುವಿನ ಚಟಕ್ಕೆ ಬಿದ್ದಿದ್ದವನು. ಅವನನ್ನು ಕರೆಸುವವನು ಹುಡುಗಿಯ ಚಿಕ್ಕಪ್ಪ ಗಿಂಝೋ. ಹೆಣ್ಣಿನ ಕಡೆಯವರು, ‘ಕೆಳಗಿನವರು’, ತಮ್ಮ ಖರ್ಚಿನಲ್ಲಿ ತಂದ ಕಣ್ಣಿಗೆ ಮಾತ್ರ ಗಂಡಿನ ಮನೆಯ ಕೊಳೆ ಕಾಣುತ್ತದೆ.

ಸಣ್ಣ ಊರಿನ ಕೊಲೆಯ ಕಥೆ ಎಂದೊಡನೆ ನಮಗೆ ನೆನಪಾಗುವುದು ಇಂಗ್ಲೆಂಡು. ಅಗಾಥಾ ಕ್ರಿಸ್ಟಿಯ ಸೇಂಟ್ ಮೇರಿ ಮೀಡ್, ಹೆಣೆಯುತ್ತಾ ಕೂತ ಮಿಸ್ ಮಾರ್ಪಲ್, ಪಾದ್ರಿಯ ಮನೆಯ ಚಹಾ. ಕವಿ ಆಡೆನ್ 1948ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವೊಂದರಲ್ಲಿ ಈ ಕಥೆಗಳ ಗುಟ್ಟನ್ನು ಹಿಡಿದಿದ್ದ: ಅಲ್ಲಿನ ಊರು ಮೂಲತಃ ನಿಷ್ಪಾಪಿ, ಕೊಲೆ ಅದಕ್ಕೆ ಮೆತ್ತಿಕೊಂಡ ಕಲೆ, ಪತ್ತೇದಾರ ಬಂದು ಆ ಕಲೆಯನ್ನು ತೊಳೆದು ಊರನ್ನು ಮತ್ತೆ ಮಡಿ ಮಾಡುತ್ತಾನೆ. ಕೊನೆಯ ಪುಟ ಮುಗಿದಾಗ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ನಮ್ಮಲ್ಲಿ ಒಬ್ಬನೇ ಕೆಟ್ಟವನಿದ್ದ, ಹೋದ. ಜಪಾನಿನ ಹಳ್ಳಿಯ ಕೊಲೆಗಳಲ್ಲಿ ಈ ನಿಟ್ಟುಸಿರು ಸಿಗುವುದಿಲ್ಲ. ಅಲ್ಲಿ ಕೊಲೆಗೆ ಕಾರಣವೇ ಊರು. ಆ ಪರಂಪರೆಯನ್ನು ನಾನು ಓದಿರುವುದು ಇಂಗ್ಲಿಷ್ ಅನುವಾದಗಳ ಮೂಲಕ. ಇಂಗ್ಲಿಷಿಗೆ ಬಂದಿರುವ ಯೊಕೊಮಿಝೊನ ಕಾದಂಬರಿಗಳಲ್ಲಿ ಹೆಚ್ಚಿನವು ಬಂದದ್ದು ಈಚೆಗೆ. ‘ಹೊಂಜಿನ್’ ಬಂದದ್ದೇ 2019ರಲ್ಲಿ. ಭಾಷೆಯ ನುಣುಪು ಒರಟುಗಳ ಬಗ್ಗೆ ನಾನು ತೀರ್ಪು ಕೊಡಲಾರೆ. ಆದರೆ ಯಾರು ಯಾರನ್ನು ಏಕೆ ಕೊಲ್ಲುತ್ತಾರೆ, ಯಾರಿಗೆ ಶಿಕ್ಷೆಯಾಗುತ್ತದೆ, ಯಾರು ಮೈ ಕೊಡವಿಕೊಂಡು ಹೋಗುತ್ತಾರೆ ಎಂಬುದು ಅನುವಾದದಲ್ಲೂ ಉಳಿದು ಬರುತ್ತದೆ.

ಯೊಕೊಮಿಝೊ ಹಳ್ಳಿಯವನಲ್ಲ. ಹುಟ್ಟಿದ್ದು 1902ರಲ್ಲಿ, ಬಂದರು ಪಟ್ಟಣ ಕೋಬೆಯಲ್ಲಿ. ಓದಿದ್ದು ಔಷಧಶಾಸ್ತ್ರ, ಮಾಡಿದ್ದು ಪತ್ರಿಕೆಯ ಸಂಪಾದಕತ್ವ, ಕಾಡಿದ್ದು ಕ್ಷಯ. ಯುದ್ಧದ ಕೊನೆಯ ವರ್ಷ, 1945ರಲ್ಲಿ, ಬಾಂಬಿಗೆ ಹೆದರಿ ಸಂಸಾರ ಸಮೇತ ಓಕಾಯಾಮಾದ ಒಂದು ಹಳ್ಳಿಗೆ ಬಂದು ಮೂರು ವರ್ಷ ಅಲ್ಲಿದ್ದ. ಪಟ್ಟಣದಿಂದ ವಲಸೆ ಬಂದ ರೋಗಿ ಸಾಹಿತಿಯನ್ನು ಹಳ್ಳಿ ಹೇಗೆ ಅಳೆದು ನೋಡಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಯಾವ ಮನೆ ಮೂಲ ಮನೆ, ಯಾವುದು ಕವಲು ಮನೆ, ಯಾರು ಒಡೆಯರು, ಯಾರು ಒಕ್ಕಲು, ಯಾರ ಮನೆಯ ಹೆಣ್ಣನ್ನು ತರಬಹುದು, ಯಾರ ಮನೆಯಲ್ಲಿ ನೀರು ಮುಟ್ಟಬಾರದು ಎಂಬುದೆಲ್ಲ ಅಲ್ಲಿ ಬರೆಯದೆ ಬರೆದಿಟ್ಟ ಕಾನೂನು. ಅವನ ಶ್ರೇಷ್ಠ ಕಾದಂಬರಿಗಳ ನೆಲ ಅಲ್ಲಿ ಸಿಕ್ಕಿತು.

ಅವುಗಳಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲಿನದು ‘ಗೊಕುಮೊನ್ ದ್ವೀಪ’. 1947ರ ಜನವರಿಯಿಂದ 1948ರ ಅಕ್ಟೋಬರ್‌ವರೆಗೆ ಧಾರಾವಾಹಿಯಾಗಿ ಬಂತು. ಒಳನಾಡ ಕಡಲಿನ ಒಂದು ದ್ವೀಪ, ಬಲೆ ದೋಣಿಗಳ ಒಡೆಯರಾದ ಕಿತೋ ಮನೆತನ. ಯುದ್ಧ ಮುಗಿದು ಊರಿಗೆ ಮರಳುವ ಹಡಗಿನಲ್ಲಿ ಆ ಮನೆಯ ವಾರಸುದಾರ ಸಾಯುತ್ತಾನೆ. ಸಾಯುವಾಗ ಜೊತೆಯ ಸೈನಿಕ ಕಿಂದಾಯಿಚಿಗೆ ಹೇಳುತ್ತಾನೆ: ನಾನು ಮನೆಗೆ ಹೋಗದಿದ್ದರೆ ನನ್ನ ಮೂವರು ತಂಗಿಯರನ್ನು ಕೊಂದುಬಿಡುತ್ತಾರೆ, ನೀನು ಹೋಗು. ಕಿಂದಾಯಿಚಿ ಹೋಗುತ್ತಾನೆ. ಮೂವರೂ ಸಾಯುತ್ತಾರೆ, ಒಬ್ಬೊಬ್ಬಳ ಹೆಣವೂ ಒಂದೊಂದು ಹೈಕುವಿನ ಚಿತ್ರದಂತೆ ಜೋಡಿಸಿಟ್ಟದ್ದು. ಒಬ್ಬಳನ್ನೂ ಅವನಿಂದ ಉಳಿಸಲಾಗುವುದಿಲ್ಲ.

ಕೊಂದವರು ಯಾರು? ಗುಡಿಯ ಸ್ವಾಮಿಗಳು, ಊರ ಮುಖ್ಯಸ್ಥ, ವೈದ್ಯ. ಒಬ್ಬೊಬ್ಬರು ಒಬ್ಬೊಬ್ಬಳನ್ನು. ನಮ್ಮ ಹಳ್ಳಿಯ ಲೆಕ್ಕದಲ್ಲಿ ಹೇಳುವುದಾದರೆ ಅಯ್ಯನವರು, ಪಟೇಲರು, ಪಂಡಿತರು. ಸತ್ತುಹೋದ ಅಜ್ಜ ಯಜಮಾನ ಹಾಸಿಗೆಯಲ್ಲಿದ್ದಾಗ ಅವರಿಂದ ಮಾತು ತೆಗೆದುಕೊಂಡಿರುತ್ತಾನೆ: ದೊಡ್ಡ ಮೊಮ್ಮಗ ಸತ್ತು, ಕವಲು ಮನೆಯ ಮೊಮ್ಮಗ ಬದುಕಿ ಬಂದರೆ, ಬುದ್ಧಿ ಸ್ಥಿಮಿತವಿಲ್ಲದ ಈ ಮೂರು ಹುಡುಗಿಯರು ಅವನ ದಾರಿಗೆ ಅಡ್ಡ ಬರಬಾರದು. ಮೂವರು ಹಿರಿಯರಿಗೂ ಹುಡುಗಿಯರ ಮೇಲೆ ದ್ವೇಷವಿಲ್ಲ. ಮನೆತನ ಉಳಿಯಬೇಕು, ಅಷ್ಟೇ. ಊರಿನ ಮೂರು ಕಂಬಗಳೂ ಕೈ ಜೋಡಿಸಿದ ಮೇಲೆ ಅಲ್ಲಿ ಕೊಲೆಗಾರನನ್ನು ಹುಡುಕುವುದು ಮೀನನ್ನು ನೀರಿನಿಂದ ಬೇರ್ಪಡಿಸಿ ನೋಡಿದಂತೆ. ಕೊನೆಗೆ ತಿಳಿಯುತ್ತದೆ, ಕವಲು ಮನೆಯ ಮೊಮ್ಮಗ ಬದುಕಿದ್ದಾನೆಂದು ಯಾವನೋ ತಂದ ಸುದ್ದಿಯೇ ಸುಳ್ಳು. ಒಳ್ಳೆಯ ಸುದ್ದಿ ತಂದರೆ ಊಟ, ಉಡುಗೊರೆ ಸಿಗುತ್ತದೆಂದು ಹೇಳಿದ ಸುಳ್ಳು. ಮೂರು ಹುಡುಗಿಯರು ಸತ್ತದ್ದು ಯಾವುದಕ್ಕೂ ಅಲ್ಲ. ಸ್ವಾಮಿಗಳ ಜೀವ ಆ ಮಾತು ಕೇಳಿಯೇ ಹೋಗುತ್ತದೆ.

ಈ ಕಾದಂಬರಿಯ ತಾರೀಕುಗಳನ್ನು ಮತ್ತೊಮ್ಮೆ ನೋಡಬೇಕು. ಮನೆತನದ ಯಜಮಾನನಿಗೆ ಮನೆಯವರೆಲ್ಲರ ಮೇಲೂ ಹಿಡಿತ ಕೊಟ್ಟಿದ್ದ ಮೇಜಿ ಕಾಲದ ‘ಇಯೆ’ ಪದ್ಧತಿಯನ್ನು ಜಪಾನಿನ ಸಿವಿಲ್ ಸಂಹಿತೆಯಿಂದ ಕಿತ್ತುಹಾಕಿದ್ದು 1947ರಲ್ಲಿ. ತಿದ್ದುಪಡಿ ಜಾರಿಗೆ ಬಂದದ್ದು 1948ರ ಜನವರಿ 1ರಂದು. ಅದೇ ವರ್ಷಗಳಲ್ಲಿ ಭೂಸುಧಾರಣೆ ನಡೆದು ಗೇಣಿದಾರರ ಕೈಗೆ ನೆಲ ಬಂತು. ಎಂದರೆ ಕಾನೂನು ಮನೆತನವನ್ನು ಹೂಳುತ್ತಿದ್ದ ದಿನಗಳಲ್ಲೇ ಈ ಮೂವರು ಹಿರಿಯರು ಮನೆತನಕ್ಕಾಗಿ ಕೊಲ್ಲುತ್ತಿದ್ದಾರೆ. ತಿಂಗಳು ತಿಂಗಳು ಇದನ್ನು ಓದಿದವರಿಗೆ ಅದು ಹಳೆಯ ಕಾಲದ ಭೂತದ ಕಥೆಯಾಗಿ ಕಂಡಿರಲಾರದು, ಪಕ್ಕದ ಮನೆಯ ವಿಚಾರವಾಗಿಯೇ ಕಂಡಿರಬೇಕು.

ಇನ್ನೊಂದು ಸೂಕ್ಷ್ಮ. ಮೊದಲ ಹೆಣ ಸಿಕ್ಕಾಗ ಸ್ವಾಮಿಗಳು ಗೊಣಗಿಕೊಂಡ ಮಾತೊಂದು ಕಿಂದಾಯಿಚಿಯ ಕಿವಿಗೆ ‘ಹುಚ್ಚು’ ಎಂದು ಕೇಳುತ್ತದೆ. ಆ ಮನೆಯಲ್ಲಿ ಹುಚ್ಚು ಹಿಡಿದವನೊಬ್ಬನನ್ನು ಕೂಡಿಹಾಕಿರುವುದರಿಂದ ಅವನೂ ಹಾಗೇ ಅರ್ಥ ಮಾಡಿಕೊಳ್ಳುತ್ತಾನೆ. ಜಪಾನಿ ಭಾಷೆಯಲ್ಲಿ ಅದೇ ಉಚ್ಚಾರಕ್ಕೆ ‘ಋತು ತಪ್ಪಿದೆ’ ಎಂಬ ಅರ್ಥವೂ ಬರುತ್ತದೆ. ವಸಂತದ ಹೈಕುವನ್ನು ಶರತ್ಕಾಲದಲ್ಲಿ ಬಳಸಬೇಕಾಯಿತಲ್ಲ ಎಂದು ಸ್ವಾಮಿಗಳು ಪೇಚಾಡುತ್ತಿದ್ದರು! ಹುಚ್ಚನಿದ್ದಲ್ಲಿ ಕೊಲೆಗೆ ಹುಚ್ಚನೇ ಕಾರಣ ಎಂಬ ಪೂರ್ವಗ್ರಹ ಪತ್ತೇದಾರನ ಕಿವಿಯನ್ನೂ ಕೆಡಿಸಿರುತ್ತದೆ. ಶ್ಲೇಷೆಯನ್ನು ಇಷ್ಟು ಕ್ರೂರವಾಗಿ ದುಡಿಸಿಕೊಂಡ ಇನ್ನೊಂದು ಪತ್ತೇದಾರಿ ಕಾದಂಬರಿಯನ್ನು ನಾನು ಓದಿಲ್ಲ.

ಹಾಗೆಂದು ಯೊಕೊಮಿಝೊನನ್ನು ಹೆಗಲ ಮೇಲೆ ಹೊತ್ತು ಕುಣಿಯಲು ನನಗೆ ಮನಸ್ಸಿಲ್ಲ. ‘ಎಂಟು ಗೋರಿಗಳ ಹಳ್ಳಿ’ ಓದಿದ ಮೇಲಂತೂ ಇಲ್ಲ. ಅದರ ಹಿಂದೆ ನಿಜವಾಗಿ ನಡೆದ ಘಟನೆಯೊಂದಿದೆ. 1938ರ ಮೇ 21ರ ನಸುಕಿನಲ್ಲಿ ಓಕಾಯಾಮಾದ ತ್ಸುಯಾಮಾ ಬಳಿಯ ಹಳ್ಳಿಯೊಂದರಲ್ಲಿ 21 ವರ್ಷದ ಯುವಕನೊಬ್ಬ ಬಂದೂಕು, ಕತ್ತಿ ಹಿಡಿದು ಮನೆಮನೆಗೂ ನುಗ್ಗಿ, ಮೊದಲಿಗೆ ತನ್ನ ಅಜ್ಜಿಯನ್ನೂ ಸೇರಿಸಿ 30 ಮಂದಿಯನ್ನು ಕೊಂದು ತಾನೂ ಸತ್ತ. ತಲೆಗೆ ಎರಡು ಟಾರ್ಚುಗಳನ್ನು ಕೋಡಿನಂತೆ ಕಟ್ಟಿಕೊಂಡಿದ್ದ. ಕ್ಷಯವಿದ್ದುದರಿಂದ ಸೈನ್ಯಕ್ಕೆ ಪೂರ್ಣ ಯೋಗ್ಯನಲ್ಲವೆಂದು ತಳ್ಳಲ್ಪಟ್ಟವನು. ಆ ಮೇಲೆ ಊರಿನ ಹೆಂಗಸರು ಮುಖ ತಿರುಗಿಸಿಕೊಂಡರೆಂದು ಕುದಿದವನು. ಅವನು ಮಾಡಿದ್ದಕ್ಕೆ ಸಮರ್ಥನೆಯಿಲ್ಲ. ಆದರೆ ರೋಗವೊಂದು ಮನುಷ್ಯನನ್ನು ಊರಿನಿಂದ ಹೊರಗೆ ಹಾಕುವ ಬಗೆ, ಹೊರಗಾದವನೊಳಗೆ ಸೇಡು ಹುಳಿಯುವ ಬಗೆ ಕಾದಂಬರಿಕಾರನಿಗೆ ಸಿಕ್ಕಬಹುದಾದ ದೊಡ್ಡ ವಸ್ತು. ಅದರಲ್ಲೂ ಸ್ವತಃ ಕ್ಷಯರೋಗಿಯಾಗಿದ್ದ ಕಾದಂಬರಿಕಾರನಿಗೆ. ಯೊಕೊಮಿಝೊ ಅದರಿಂದ ತೆಗೆದುಕೊಂಡದ್ದು ಟಾರ್ಚಿನ ಕೋಡುಗಳನ್ನು. ರೋಗವನ್ನು ಕೈಬಿಟ್ಟು, ಅದರ ಜಾಗದಲ್ಲಿ ರಕ್ತದಲ್ಲಿ ಬಂದ ಹುಚ್ಚನ್ನು ಇಟ್ಟ. ಅದರ ಹಿಂದೆ 16ನೆಯ ಶತಮಾನದಲ್ಲಿ ಹಳ್ಳಿಯವರು ಚಿನ್ನದಾಸೆಗೆ ಕೊಂದ ಎಂಟು ಮಂದಿ ಸಮುರಾಯಿಗಳ ಶಾಪವನ್ನು ಇಟ್ಟ.

ಒಂದು ಮಾತು ಒಪ್ಪಬೇಕು. ಕಾದಂಬರಿಯ ಆ ಕೊಲೆಗಡುಕನ ಮಗನೆಂದು ಎಲ್ಲರೂ ನಂಬಿರುವ ತತ್ಸುಯಾ ಎಂಬ ಹುಡುಗ ಹಳ್ಳಿಗೆ ಬಂದಾಗ, ಊರವರು ಅವನನ್ನು ನೋಡುವ ನೋಟವನ್ನು ಯೊಕೊಮಿಝೊ ಅವನ ಬಾಯಿಂದಲೇ ಹೇಳಿಸುತ್ತಾನೆ. ಕೊನೆಗೆ ಪಂಜು ಹಿಡಿದ ಗುಂಪು ಅವನನ್ನು ಸುಣ್ಣಕಲ್ಲಿನ ಗುಹೆಗಳೊಳಗೆ ಅಟ್ಟಾಡಿಸುವ ಪುಟಗಳು ಬೆವರು ಬರಿಸುತ್ತವೆ. ಆದರೆ ಅವನ ಬಿಡುಗಡೆ ಹೇಗಾಗುತ್ತದೆ ನೋಡಿ: ಅವನು ಆ ಪಾಪಿಯ ಮಗನೇ ಅಲ್ಲವಂತೆ, ತಂದೆ ಬೇರೆಯಂತೆ. ಮಗನಾಗಿದ್ದರೆ? ಊರಿನ ದ್ವೇಷ ಸರಿಯಾಗಿರುತ್ತಿತ್ತೇ? ಪೂರ್ವಗ್ರಹ ತಪ್ಪು ಎಂದು ಹೇಳಬೇಕಾದ ಕಡೆ, ಪೂರ್ವಗ್ರಹಕ್ಕೆ ತಪ್ಪು ವಿಳಾಸ ಸಿಕ್ಕಿತ್ತು ಎಂದಷ್ಟೇ ಹೇಳಿ ಕಾದಂಬರಿ ಮುಗಿಯುತ್ತದೆ.

ಜಪಾನಿ ಹಳ್ಳಿಯ ಬಹಿಷ್ಕಾರಕ್ಕೆ ‘ಮುರಾಹಾಚಿಬು’ ಎಂಬ ಹೆಸರಿದೆ. ನೆರೆಹೊರೆಯ ವ್ಯವಹಾರಗಳು ಹತ್ತು. ಅದರಲ್ಲಿ ಎಂಟನ್ನು ನಿಲ್ಲಿಸಿಬಿಡುವುದು ಎಂದು ಜನ ಆ ಪದವನ್ನು ಬಿಡಿಸುತ್ತಾರೆ. ಉಳಿಯುವ ಎರಡು, ಬೆಂಕಿ ಬಿದ್ದಾಗ ಆರಿಸುವುದು ಮತ್ತು ಹೆಣ ಎತ್ತುವುದು. ಎರಡೂ ಕರುಣೆಯಿಂದಲ್ಲ, ಬೆಂಕಿ ಪಕ್ಕದ ಮನೆಗೆ ಹರಡುತ್ತದೆ, ಹೆಣ ನಾರುತ್ತದೆ. ನಮ್ಮ ಕಡೆ ಊರಿನಿಂದ ಹೊರಗೆ ಹಾಕಿಸಿಕೊಂಡವರ ಕಥೆ ಕೇಳಿದವರಿಗೆ ಈ ಲೆಕ್ಕಾಚಾರ ಹೊಸದೆನಿಸಲಾರದು.

ಪತ್ತೇದಾರಿ ಕಥೆಯನ್ನು ದೆವ್ವದ ಮನೆಯಿಂದ ಹೊರಗೆ ತರಬೇಕು ಎಂದು ಹೊರಟವನು ಮತ್ಸುಮೊಟೊ ಸೇಯಿಚೋ. ಬಡವರ ಮನೆಯಲ್ಲಿ 1909ರಲ್ಲಿ ಹುಟ್ಟಿ, ಹೈಸ್ಕೂಲಿನ ಮೆಟ್ಟಿಲು ಹತ್ತದೆ, ಕೊಕುರಾದ ಪತ್ರಿಕಾ ಕಚೇರಿಯಲ್ಲಿ ಜಾಹೀರಾತಿನ ಚಿತ್ರ ಬರೆಯುತ್ತಿದ್ದವನು. ನಲವತ್ತು ದಾಟಿದ ಮೇಲೆ ಲೇಖಕನಾದ. 1957ರಲ್ಲಿ ಪ್ರವಾಸದ ಪತ್ರಿಕೆಯೊಂದರಲ್ಲಿ ಬರತೊಡಗಿದ ‘ಬಿಂದುಗಳು ಮತ್ತು ಗೆರೆಗಳು’ ರೈಲ್ವೆ ವೇಳಾಪಟ್ಟಿಯನ್ನೇ ಕೊಲೆಯ ಸಾಕ್ಷಿಯಾಗಿಸಿತು. ಅಲ್ಲಿಂದ ಜಪಾನಿನಲ್ಲಿ ‘ಸಾಮಾಜಿಕ ಪಂಥ’ದ ಪತ್ತೇದಾರಿ ಬರವಣಿಗೆ ಬೇರೂರಿತು. ಹೇಗೆ ಕೊಂದ ಎಂಬುದು ಹಿಂದೆ ಸರಿದು, ಏಕೆ ಕೊಂದ ಎಂಬುದು ಮುಂದೆ ಬಂತು.

ಆ ‘ಏಕೆ’ಯ ಶಿಖರ 1960ರಿಂದ 61ರವರೆಗೆ ಯೊಮಿಯುರಿ ದಿನಪತ್ರಿಕೆಯಲ್ಲಿ ಬಂದ ‘ಮರಳಿನ ಪಾತ್ರೆ’. ಟೋಕಿಯೊದ ಕಮಾಟಾ ರೈಲು ಯಾರ್ಡಿನಲ್ಲಿ ಮುಖ ಜಜ್ಜಿದ ಮುದುಕನ ಹೆಣ. ಹಿಂದಿನ ರಾತ್ರಿ ಅವನು ಬಾರ್ ಒಂದರಲ್ಲಿ ಯುವಕನೊಬ್ಬನ ಜೊತೆ ಕೂತು ಈಶಾನ್ಯ ಸೀಮೆಯ ಧಾಟಿಯಲ್ಲಿ ಮಾತಾಡುತ್ತಿದ್ದ. ‘ಕಾಮೆದಾ’ ಎಂಬ ಒಂದು ಪದ ಕೇಳಿದವರ ಕಿವಿಯಲ್ಲಿ ಉಳಿದಿದೆ. ಪತ್ತೇದಾರ ಇಮಾನಿಶಿ ಈಶಾನ್ಯದ ಕಾಮೆದಾಕ್ಕೆ ಹೋಗಿ ಬರಿಗೈಯಲ್ಲಿ ಬರುತ್ತಾನೆ. ಆಮೇಲೆ ಭಾಷಾಶಾಸ್ತ್ರದ ಪುಸ್ತಕ ತಿರುವಿ ಹಾಕುವಾಗ ಗೊತ್ತಾಗುತ್ತದೆ, ನೂರಾರು ಮೈಲಿ ದೂರದ ಪಶ್ಚಿಮದ ಇಝುಮೊ ಸೀಮೆಯಲ್ಲೂ ಅದೇ ಧಾಟಿಯಿದೆ, ಅಲ್ಲೊಂದು ಕಾಮೆದಾಕೆ ಎಂಬ ಊರಿದೆ. ಬಾಯಿ ತೆರೆದರೆ ಕುಂದಾಪುರವೋ ಧಾರವಾಡವೋ ಎಂದು ಹೇಳಿಬಿಡುವ ನಮ್ಮಂಥವರಿಗೆ ಈ ಭಾಗ ಹಬ್ಬದೂಟ.

ಸತ್ತವನು ಮಿಕಿ, ಕಾಮೆದಾಕೆಯಲ್ಲಿ ಹಿಂದೆ ಪೊಲೀಸನಾಗಿದ್ದವನು. ಅವನ ಮೇಲೆ ಯಾರಿಗೂ ಹಗೆಯಿಲ್ಲ. ಹೋದ ಊರಲ್ಲೆಲ್ಲ ಅವನನ್ನು ದೇವರಂಥವನೆಂದೇ ಹೇಳುತ್ತಾರೆ. ಕೊಂದವನು ವಾಗಾ, ರಾಜಧಾನಿಯ ಹೆಸರಾಂತ ಯುವ ಸಂಗೀತ ಸಂಯೋಜಕ, ಮಂತ್ರಿಯ ಅಳಿಯನಾಗಲಿರುವವನು. ಅವನ ನಿಜವಾದ ಹೆಸರು ಹಿದೆಯೊ. ಕುಷ್ಠರೋಗಿ ಚಿಯೊಕಿಚಿಯ ಮಗ. ರೋಗ ಬಂದ ಮೇಲೆ ಹುಟ್ಟಿದೂರಲ್ಲಿ ನಿಲ್ಲಲಾಗದೆ ತಂದೆ ಮಗ ಯಾತ್ರಿಕರ ವೇಷದಲ್ಲಿ ಬೇಡುತ್ತಾ ಊರೂರು ಅಲೆದು ಕಾಮೆದಾಕೆಗೆ ಬಂದಾಗ, ಮಿಕಿ ತಂದೆಯನ್ನು ಕುಷ್ಠಧಾಮಕ್ಕೆ ಕಳಿಸಿ ಮಗನನ್ನು ಉಳಿಸಿಕೊಂಡ. ಮಗ ಓಡಿಹೋದ. 1945ರ ಬಾಂಬ್ ದಾಳಿಯಲ್ಲಿ ಒಸಾಕಾದ ವಂಶಾವಳಿ ದಾಖಲೆಗಳು ಸುಟ್ಟುಹೋದವು. ಹೇಳಿಕೆಯ ಮೇಲೆ ಹೊಸ ದಾಖಲೆ ಬರೆಸಿಕೊಳ್ಳುವ ಅವಕಾಶವಿತ್ತು. ಸತ್ತ ದಂಪತಿಯ ಮಗನೆಂದು ಬರೆಸಿಕೊಂಡು ಹುಡುಗ ವಾಗಾ ಆದ. ಹುಟ್ಟಿನ ದಾಖಲೆಯೇ ಶಿಕ್ಷೆಯಾಗಿದ್ದವನಿಗೆ ಶತ್ರು ವಿಮಾನದ ಬೆಂಕಿ ವರವಾಯಿತು. ಈಗ, ಹದಿನೈದು ವರ್ಷ ಕಳೆದ ಮೇಲೆ, ಆ ಒಳ್ಳೆಯ ಮುದುಕ ಬಂದು ‘ಹಿದೆಯೊ’ ಎಂದು ಕರೆದುಬಿಟ್ಟಿದ್ದಾನೆ.

ಕಾದಂಬರಿ ಲೋಪವಿಲ್ಲದ್ದಲ್ಲ. ಸೇಯಿಚೋ ಕೊನೆಕೊನೆಗೆ ಎಲೆಕ್ಟ್ರಾನಿಕ್ ಸಂಗೀತದ ಯಂತ್ರದಿಂದ ಶಬ್ದತರಂಗ ಬಿಟ್ಟು ಜನರನ್ನು ಕೊಲ್ಲಿಸುತ್ತಾನೆ. ದೆವ್ವದ ಮನೆಯನ್ನು ಮುಂಬಾಗಿಲಿಂದ ಓಡಿಸಿದವನು ಹಿತ್ತಲಿಂದ ಒಳಗೆ ಬಿಟ್ಟುಕೊಂಡ ಹಾಗಿದೆ. 1974ರಲ್ಲಿ ನೊಮುರಾ ಯೊಶಿತಾರೊ ಇದನ್ನು ಸಿನಿಮಾ ಮಾಡಿದಾಗ ಆ ಯಂತ್ರವನ್ನೆಲ್ಲ ಕಸದ ಬುಟ್ಟಿಗೆ ಹಾಕಿ, ಕೊನೆಯ ಮುಕ್ಕಾಲು ಗಂಟೆಯನ್ನು ತಂದೆ ಮಗನ ಅಲೆದಾಟಕ್ಕೆ ಬಿಟ್ಟುಕೊಟ್ಟ. ಒಂದು ಕಡೆ ಪೊಲೀಸರ ಸಭೆಯಲ್ಲಿ ಇಮಾನಿಶಿ ಪ್ರಕರಣವನ್ನು ಬಿಡಿಸುತ್ತಿದ್ದಾನೆ, ಇನ್ನೊಂದು ಕಡೆ ವಾಗಾ ವೇದಿಕೆಯಲ್ಲಿ ತನ್ನ ಪಿಯಾನೊ ಕೃತಿಯನ್ನು ನುಡಿಸುತ್ತಿದ್ದಾನೆ, ನಡುವೆ ಹಿಮದಲ್ಲಿ, ಹೂವಿನಲ್ಲಿ, ಮಳೆಯಲ್ಲಿ ಇಬ್ಬರು ನಡೆಯುತ್ತಲೇ ಇದ್ದಾರೆ. ಮಾತಿಲ್ಲ. ಹಳ್ಳಿಯ ಹುಡುಗರು ಕಲ್ಲೆಸೆಯುತ್ತಾರೆ. ಅಲ್ಲಿ ಕಣ್ಣು ಒದ್ದೆಯಾಗದವರು ಕಡಿಮೆ; ನನ್ನದೂ ಆಗಿತ್ತು.

ಒರೆಸಿಕೊಂಡ ಮೇಲೆ ಯೋಚಿಸಿದರೆ ಏನೋ ಸರಿಯಿಲ್ಲ ಅನಿಸುತ್ತದೆ. ಆ ತಂದೆ ಮಗನನ್ನು ಓಡಿಸಿದವರು ಹತ್ತಾರು ಹಳ್ಳಿಯವರು. ಕಥೆಯಲ್ಲಿ ಸತ್ತವನು ಯಾರು? ಅವರನ್ನು ಕರೆದು ಆಸರೆ ಕೊಟ್ಟ ಒಬ್ಬನೇ ಒಬ್ಬ. ಕೊಂದವನು ಯಾರು? ಕಲ್ಲೇಟು ತಿಂದ ಹುಡುಗ. ಕಲ್ಲು ಎಸೆದವರ ಹೆಸರು ಯಾರ ನೋಟ್‌ಬುಕ್ಕಿನಲ್ಲೂ ಇಲ್ಲ. ಪೂರ್ವಗ್ರಹವನ್ನು ಬಯಲಿಗೆಳೆಯುವ ಕಾದಂಬರಿ, ಕೊನೆಯ ಲೆಕ್ಕದಲ್ಲಿ, ಪೂರ್ವಗ್ರಹಕ್ಕೆ ತುತ್ತಾದವನನ್ನೇ ಅಪಾಯಕಾರಿ ಎಂದು ತೋರಿಸಿ ಮುಗಿಯುತ್ತದೆ. ಸಿನಿಮಾ ತಯಾರಾಗುತ್ತಿದ್ದಾಗ ಕುಷ್ಠರೋಗಿಗಳ ಸಂಘ ಆಕ್ಷೇಪಿಸಿತ್ತು. ರೋಗ ಗುಣವಾಗುತ್ತದೆ ಎಂಬ ಬರಹವನ್ನು ಸಿನಿಮಾದ ಕೊನೆಯಲ್ಲಿ ಸೇರಿಸಿ ಸಮಾಧಾನ ಮಾಡಲಾಯಿತು. ರೋಗಿಗಳ ಆಕ್ಷೇಪವನ್ನು ಕಲೆ ಅರಿಯದವರ ಗಲಾಟೆ ಎಂದು ತಳ್ಳಿಹಾಕುವಂತಿಲ್ಲ. ಅವರಿಗೆ ಆ ಕಥೆಯ ಇನ್ನೊಂದು ಪ್ರತಿ ಗೊತ್ತಿತ್ತು.

ಅದು ಕಾದಂಬರಿಯಲ್ಲ. ಜಪಾನ್ 1907ರಲ್ಲೇ ಕುಷ್ಠದ ಬಗ್ಗೆ ಕಾನೂನು ಮಾಡಿ, 1931ರಲ್ಲಿ ಎಲ್ಲ ರೋಗಿಗಳನ್ನೂ ಬೇರ್ಪಡಿಸಿ ಇಡುವುದಕ್ಕೆ ಅದನ್ನು ಬಿಗಿಗೊಳಿಸಿತು. ನಮ್ಮ ಜಿಲ್ಲೆಯಲ್ಲಿ ಕುಷ್ಠವೇ ಇರಬಾರದು ಎಂಬ ಚಳವಳಿಗಳು ನಡೆದವು. ಯಾರ ಮನೆಯಲ್ಲಿ ರೋಗಿಯಿದ್ದಾನೆ ಎಂದು ನೆರೆಯವರೇ ಸುದ್ದಿ ಮುಟ್ಟಿಸುತ್ತಿದ್ದರು. ಔಷಧ ಬಂದ ಮೇಲೂ 1953ರ ಕಾನೂನು ಬೇಲಿಯನ್ನು ತೆಗೆಯಲಿಲ್ಲ. ಆ ವಾತಾವರಣದಲ್ಲಿ, 1951ರಲ್ಲಿ, ಕುಮಾಮೊಟೊ ಸೀಮೆಯ ಹಳ್ಳಿಯೊಂದರಲ್ಲಿ ಗ್ರಾಮಾಡಳಿತದ ನೌಕರನೊಬ್ಬನ ಮನೆಗೆ ಡೈನಮೈಟ್ ಎಸೆಯಲಾಯಿತು. ಆ ನೌಕರ ಹಳ್ಳಿಯ ಒಬ್ಬನನ್ನು ಕುಷ್ಠರೋಗಿ ಎಂದು ಮೇಲಿನವರಿಗೆ ವರದಿ ಮಾಡಿದ್ದವನು. ಅನುಮಾನ ಯಾರ ಮೇಲೆ ಹೋಯಿತು ಎಂದು ಹೇಳಬೇಕಾಗಿಲ್ಲ. ವರದಿಗೆ ಸಿಕ್ಕವನಿಗೆ ಶಿಕ್ಷೆಯಾಯಿತು. ಆತ ಬಂಧನದಿಂದ ತಪ್ಪಿಸಿಕೊಂಡ. 1952ರ ಜುಲೈನಲ್ಲಿ ಅದೇ ನೌಕರ ಇರಿತಕ್ಕೆ ಸಿಕ್ಕು ಸತ್ತ. ಮತ್ತೆ ಆತನನ್ನೇ ಹಿಡಿದರು.

ವಿಚಾರಣೆ ನಡೆದದ್ದು ನ್ಯಾಯಾಲಯದ ಕಟ್ಟಡದಲ್ಲಲ್ಲ, ಕುಷ್ಠಧಾಮದ ಬೇಲಿಯೊಳಗೆ, ರೋಗಿಗಳಿಗೆಂದು ಏರ್ಪಡಿಸಿದ ‘ವಿಶೇಷ ನ್ಯಾಯಾಲಯ’ದಲ್ಲಿ. ಅಲ್ಲಿ ಸೇರಿದ್ದ ಕಾನೂನಿನವರು ಬಿಳಿ ನಿಲುವಂಗಿ ತೊಟ್ಟು, ರಬ್ಬರ್ ಕೈಗವಸು ಹಾಕಿಕೊಂಡು, ಸಾಕ್ಷ್ಯದ ವಸ್ತುಗಳನ್ನು ಚಾಪ್‌ಸ್ಟಿಕ್ ಕಡ್ಡಿಗಳಲ್ಲಿ ಎತ್ತಿ ನೋಡಿದರು. 1953ರಲ್ಲಿ ಮರಣದಂಡನೆ. ತಾನು ಕೊಂದಿಲ್ಲ ಎಂದು ಆತ ಹೇಳುತ್ತಲೇ ಇದ್ದ. ಮರುವಿಚಾರಣೆಯ ಮೂರನೆಯ ಅರ್ಜಿ ತಿರಸ್ಕಾರವಾದ ಮರುದಿನವೇ, 1962ರ ಸೆಪ್ಟೆಂಬರ್ 14ರಂದು, ಗಲ್ಲಿಗೇರಿಸಿದರು. ‘ಮರಳಿನ ಪಾತ್ರೆ’ ದಿನದಿನವೂ ಪತ್ರಿಕೆಯಲ್ಲಿ 1960ರಿಂದ 61ರವರೆಗೆ ಬರುತ್ತಿದ್ದಾಗ ಆತ ಜೈಲಿನಲ್ಲಿ ಗಲ್ಲಿನ ದಾರಿ ಕಾಯುತ್ತಿದ್ದ.

ಆ ಪ್ರಕರಣದಲ್ಲಿ ಊರಿಗೂ ನ್ಯಾಯಾಲಯಕ್ಕೂ ಎಲ್ಲಕ್ಕಿಂತ ಗಟ್ಟಿಯಾಗಿ ಕಂಡಿರಬೇಕಾದ್ದು ಸೇಡು. ನಿನ್ನ ಬದುಕನ್ನು ಅವನು ಹಾಳು ಮಾಡಿದ. ಆದ್ದರಿಂದ ಕೊಂದವನು ನೀನೇ. ಪತ್ತೇದಾರಿ ಕಾದಂಬರಿ ಓದುಗರಿಗೆ ಕಲಿಸುವ ಮೊದಲ ಪಾಠವೂ ಇದೇ ಅಲ್ಲವೇ? ಯಾರಿಗೆ ಹೆಚ್ಚು ಅನ್ಯಾಯವಾಗಿದೆಯೋ ಅವನ ಮೇಲೆ ಕಣ್ಣಿಡು. ‘ಹೊಂಜಿನ್’ನಲ್ಲಿ ಯೊಕೊಮಿಝೊ ಈ ಪಾಠವನ್ನು ತಿರುಗುಮುರುಗು ಮಾಡಿ ತೋರಿಸಿದ್ದ. ಹದಿನಾಲ್ಕು ವರ್ಷ ಕಳೆದು ಹೆಚ್ಚು ಗಂಭೀರನಾದ, ಹೆಚ್ಚು ಕರುಣೆಯುಳ್ಳ ಸೇಯಿಚೋ ಅದನ್ನು ಮತ್ತೆ ನೇರ ಮಾಡಿಬಿಟ್ಟ. ಮೂರು ಬೆರಳಿನ ದಾರಿಹೋಕನಿಗೆ ಕಟ್ಟುಕಥೆಗಾರ ಕೊಟ್ಟ ನ್ಯಾಯ, ಸಮಾಜದ ಗಾಯಕ್ಕೆ ಮದ್ದು ಹಚ್ಚಲು ಬಂದವನಿಂದ ಕುಷ್ಠರೋಗಿಯ ಮಗನಿಗೆ ಸಿಗಲಿಲ್ಲ. ವಿಮರ್ಶಕರು ಸಾಮಾನ್ಯವಾಗಿ ಸಾಮಾಜಿಕ ಪಂಥವನ್ನು ಮೇಲೆ, ಬೀಗ ಹಾಕಿದ ಕೋಣೆಯ ಕಥೆಗಳನ್ನು ಕೆಳಗೆ ಇಡುತ್ತಾರೆ. ಈ ಒಂದು ವಿಷಯದಲ್ಲಿ ನಾನು ಆ ಏಣಿಯನ್ನು ತಲೆಕೆಳಗು ಮಾಡುತ್ತೇನೆ.

ಕುಷ್ಠದ ಕಾನೂನು ರದ್ದಾದದ್ದು 1996ರಲ್ಲಿ. ಆಮೇಲೆ ‘ಮರಳಿನ ಪಾತ್ರೆ’ಯನ್ನು ಮತ್ತೆ ತೆರೆಗೆ ತರುವವರಿಗೆ ಪೇಚಾಟ. 2004ರ ಟಿವಿ ಧಾರಾವಾಹಿ ರೋಗವನ್ನೇ ಬಿಟ್ಟುಬಿಟ್ಟಿತು. ಅದರಲ್ಲಿ ತಂದೆ ಊರಿನ ಬಹಿಷ್ಕಾರಕ್ಕೆ ಸಿಕ್ಕು, ಹೆಂಡತಿಯನ್ನು ಕಳೆದುಕೊಂಡು, ಹಳ್ಳಿಯವರನ್ನು ಕೊಂದವನು. ಸುತ್ತಿ ಸುತ್ತಿ ತ್ಸುಯಾಮಾಕ್ಕೇ ಬಂದು ನಿಂತಂತಾಯಿತು.

ಮುಂದಿನವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಕಾಮುರಾ ಕಾವೊರು 1997ರಲ್ಲಿ ಬರೆದ ‘ಲೇಡಿ ಜೋಕರ್’ ಮಾತ್ರ ಬಿಡುವಂತಿಲ್ಲ. ಬುರಾಕು ಎಂದು ಹೊರಗಿಡಲಾದ ಜನರ ವಸತಿಗಳ ಪಟ್ಟಿಯನ್ನು ಕಂಪನಿಗಳು ಗುಟ್ಟಾಗಿ ಕೊಂಡುಕೊಳ್ಳುತ್ತಿದ್ದುದು ಜಪಾನಿನಲ್ಲಿ 1975ರಲ್ಲಿ ಬಯಲಾಗಿತ್ತು. ಆ ಮೂಲದ ಹುಡುಗನೊಬ್ಬನಿಗೆ ಬಿಯರ್ ಕಂಪನಿಯ ಕೆಲಸ ತಪ್ಪಿ, ಅವನು ಸತ್ತು, ಅವನ ಅಜ್ಜ ಕುದುರೆ ಜೂಜಿನ ಗೆಳೆಯರ ಜೊತೆ ಸೇರಿ ಕಂಪನಿಯ ಅಧ್ಯಕ್ಷನನ್ನೇ ಅಪಹರಿಸುವ ಕಥೆ ಅದು. ಹಳ್ಳಿಯ ಜಾಗದಲ್ಲಿ ಕಂಪನಿ, ಅಷ್ಟೇ ವ್ಯತ್ಯಾಸ. ಅದರ ಹೆಚ್ಚುಗಾರಿಕೆ ಏನೆಂದರೆ ಸೇಡು ಯಾರ ಮೇಲೆ ಎಂಬುದು ಕೊನೆಯವರೆಗೂ ತಿಳಿಯಾಗುವುದೇ ಇಲ್ಲ. ಹೊಡೆಯಲು ಹೋದರೆ ಮುಖವೇ ಸಿಗದ ಎದುರಾಳಿ. ಮಿನಾಟೊ ಕನಾಯೆಯ ‘ತಪ್ಪೊಪ್ಪಿಗೆಗಳು’ (2008) ತರಗತಿಯನ್ನೇ ಹಳ್ಳಿಯಾಗಿಸುತ್ತದೆ. ತನ್ನ ಮಗಳನ್ನು ಕೊಂದ ಇಬ್ಬರು ಹುಡುಗರಿಗೆ, ನಿಮ್ಮ ಹಾಲಿನಲ್ಲಿ ಎಚ್‌ಐವಿ ಸೋಂಕಿನ ರಕ್ತ ಬೆರೆಸಿದ್ದೇನೆ ಎಂದು ಟೀಚರ್ ತರಗತಿಯ ಮುಂದೆಯೇ ಹೇಳುತ್ತಾಳೆ. ಮಿಕ್ಕ ಕೆಲಸವನ್ನು ರೋಗದ ಭಯ ಹಿಡಿದ ಮಕ್ಕಳೇ ಮಾಡಿ ಮುಗಿಸುತ್ತಾರೆ. ಚುರುಕಾದ ಪುಸ್ತಕ, ಆದರೆ ಅದರ ಚುರುಕಿಗೆ ತನ್ನ ಮೇಲೆಯೇ ಸ್ವಲ್ಪ ಹೆಚ್ಚು ಮೋಹ.

ಇದನ್ನೆಲ್ಲ ಓದುವಾಗ ಮತ್ತೆ ಮತ್ತೆ ನೆನಪಾದದ್ದು ತೇಜಸ್ವಿಯವರ ‘ಚಿದಂಬರ ರಹಸ್ಯ’. ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವಿನ ಜಾಡು ಹಿಡಿದು ಅಂಗಡಿ ಎಂಬ ಪತ್ತೇದಾರ ಕೆಸರೂರಿಗೆ ಬರುತ್ತಾನೆ. ಸಾವು ಹೇಗಾಯಿತು ಎಂಬ ಪ್ರಶ್ನೆ ಊರಿನ ಜಾತಿ, ಧರ್ಮ, ಪುಕಾರುಗಳ ಗೋಜಲಿನಲ್ಲಿ ಮುಳುಗಿ, ಕೊನೆಗೆ ಊರಿಗೇ ಬೆಂಕಿ ಬೀಳುತ್ತದೆ. ತೇಜಸ್ವಿ ಪತ್ತೇದಾರನ ಕೈಗೆ ಕೊಲೆಗಾರನನ್ನು ಕೊಡಲಿಲ್ಲ. ಒಬ್ಬನನ್ನು ಹಿಡಿದುಕೊಟ್ಟಿದ್ದರೆ ಕೆಸರೂರು ಕೈ ತೊಳೆದುಕೊಂಡು ಮಲಗಿಬಿಡುತ್ತಿತ್ತು. ಜಪಾನಿನ ಈ ದೊಡ್ಡ ಪರಂಪರೆ ಎಪ್ಪತ್ತು ಎಂಬತ್ತು ವರ್ಷಗಳಲ್ಲಿ ಮಾಡಲು ಧೈರ್ಯಪಡದಿದ್ದ ಕೆಲಸ ಅದು: ಊರನ್ನು ಕಟಕಟೆಗೆ ತಂದು ನಿಲ್ಲಿಸುವುದು. ‘ಗೊಕುಮೊನ್ ದ್ವೀಪ’ ಹತ್ತಿರ ಹೋಗಿತ್ತು. ಅಲ್ಲಿಯೂ ಮೂವರು ಹಿರಿಯರು ಸಿಕ್ಕಿದ ಮೇಲೆ ಮೀನುಗಾರರು ಬಲೆ ಎಳೆಯಲು ಹೋಗುತ್ತಾರೆ.

ಕುಮಾಮೊಟೊದ ಪ್ರಕರಣದಲ್ಲಿ ಕೂಡ ಕಟಕಟೆಗೆ ಬಂದದ್ದು ತಡವಾಗಿ, ಅದೂ ಊರಲ್ಲ, ನ್ಯಾಯಾಲಯ. 1948ರಿಂದ 1972ರವರೆಗೆ ಹೀಗೆ ಬೇಲಿಯೊಳಗೆ 95 ವಿಚಾರಣೆಗಳು ನಡೆದಿದ್ದವು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಕ್ಷಮೆ ಕೇಳಿತು. 2020ರ ಫೆಬ್ರುವರಿಯಲ್ಲಿ ಕುಮಾಮೊಟೊ ಜಿಲ್ಲಾ ನ್ಯಾಯಾಲಯ ಗಲ್ಲಿಗೇರಿದವನ ವಿಚಾರಣೆ ಸಂವಿಧಾನಕ್ಕೆ ವಿರುದ್ಧವಾಗಿತ್ತು ಎಂದಿತು. ಪರಿಹಾರದ ಬೇಡಿಕೆಯನ್ನು ಮಾತ್ರ ಒಪ್ಪಲಿಲ್ಲ. ಆತ ಸತ್ತು ಆಗಲೇ 57 ವರ್ಷ ದಾಟಿತ್ತು.

ನೊಮುರಾನ ಸಿನಿಮಾದಲ್ಲಿ ಒಂದು ದೃಶ್ಯವಿದೆ, ಕಾದಂಬರಿಯಲ್ಲಿಲ್ಲ. ಕಾದಂಬರಿಯಲ್ಲಿ ತಂದೆ ಆಗಲೇ ಸತ್ತಿದ್ದಾನೆ. ಸಿನಿಮಾದಲ್ಲಿ ಕುಷ್ಠಧಾಮದ ಗಾಲಿಕುರ್ಚಿಯಲ್ಲಿ ಮುದುಕನಾಗಿ ಬದುಕಿದ್ದಾನೆ. ವರ್ಷಗಟ್ಟಲೆ ಮಿಕಿಗೆ ಕಾಗದ ಬರೆದು ಮಗನನ್ನು ಒಮ್ಮೆ ತೋರಿಸು ಎಂದು ಬೇಡಿಕೊಂಡವನು. ಇಮಾನಿಶಿ ವಾಗಾನ ಫೋಟೊ ಹಿಡಿದು ಅವನೆದುರು ಬಂದು ಕೇಳುತ್ತಾನೆ, ಇವನು ಗೊತ್ತೇ? ಮುದುಕ ಫೋಟೊವನ್ನು ಬಹಳ ಹೊತ್ತು ನೋಡುತ್ತಾನೆ. ಅವನ ಮೈಯೆಲ್ಲ ನಡುಗುತ್ತದೆ, ಗಂಟಲಿನಿಂದ ಅಳು ಕಿತ್ತುಕೊಂಡು ಬರುತ್ತದೆ. ಅಳುತ್ತಲೇ ಕೂಗಿ ಹೇಳುತ್ತಾನೆ, ಇಂಥ ಮನುಷ್ಯ ನನಗೆ ಗೊತ್ತಿಲ್ಲ ಎಂದು.